ಆಗುಂಬೆ ಮಳೆ ಮೇಲೆ ಎಂಎಸ್ಸಿ ಪ್ರಾಜೆಕ್ಟ್: ಲೆಕ್ಕ ತಾಳೆ ಆಗ್ತಿಲ್ಲ

ತೀರ್ಥಹಳ್ಳಿಯವಳು: ವಾತಾವರಣ ವಿಜ್ಞಾನ, ಎರಡನೇ ವರ್ಷ. ಆಗುಂಬೆಯ ಮುಂಗಾರಿನ ಭಾರಿ ಮಳೆ ನನ್ನ ವಿಷಯ. ಹವಾಮಾನ ಇಲಾಖೆಯ ದಿನದ ಮಳೆ ಲೆಕ್ಕವನ್ನ ಇಆರ್‌ಎ5 (ವೀಕ್ಷಣೆಗಳನ್ನ ಕಂಪ್ಯೂಟರ್ ಮಾದರಿಗೆ ಬೆರೆಸಿ ತಯಾರಿಸಿದ ಹಳೇ ಹವಾಮಾನದ ಡೇಟಾ) ಜೊತೆ ಹೋಲಿಸಿದ್ರೆ ದೊಡ್ಡ ಮಳೆಗಳೆಲ್ಲ ಒಂದು ದಿನ ಆಚೀಚೆ. ಇಆರ್‌ಎ5ರ ಪ್ರಮಾಣವಂತೂ ತೀರಾ ಕಮ್ಮಿ. ಗೈಡ್ ಮೇಡಂ ‘ನೀನೇ ಹುಡುಕಮ್ಮ’ ಅಂದು ಸುಮ್ಮನಾದ್ರು.

ಹಳೇ ಸೀನಿಯರ್: ಇಲಾಖೆಯ ‘ದಿನ’ ಬೆಳಿಗ್ಗೆ 8:30ಕ್ಕೆ ಮುಗಿಯುತ್ತೆ, ಅಂದ್ರೆ ಯುಟಿಸಿ (ಜಾಗತಿಕ ಪ್ರಮಾಣ ಸಮಯ) 3 ಗಂಟೆ. 12ನೇ ತಾರೀಕಿನ ಮಳೆ ಅಂತ ಬರೆದಿದ್ದು 11ರ ಬೆಳಿಗ್ಗೆಯಿಂದ ಬಿದ್ದಿದ್ದು. ಇಆರ್‌ಎ5ರಲ್ಲಿ ಗಂಟೆಗಂಟೆಯ ಡೇಟಾ ಇಳಿಸ್ಕೊಂಡು, 11ರ ಯುಟಿಸಿ 04 ಗಂಟೆಯಿಂದ 12ರ 03 ಗಂಟೆಯವರೆಗಿನದನ್ನ ಕೂಡಿಸಿ. ಅದರ ಮಳೆ ಮೀಟರಿನಲ್ಲಿರುತ್ತೆ, 1000ದಿಂದ ಗುಣಿಸೋದು ಮರೀಬೇಡಿ.

ಘಟ್ಟದ ಕೆಳಗಿನವ: ತಾರೀಕು ಸರಿಯಾದ್ರೂ ಪ್ರಮಾಣ ಸರಿಹೋಗಲ್ಲ. ಇಆರ್‌ಎ5ರ ಒಂದು ಚೌಕ ಸುಮಾರು 31 ಕಿ.ಮೀ. ಹೆಬ್ರಿ ಕಡೆಯ ತಗ್ಗು, ಘಾಟಿ, ಮೇಲಿನ ಆಗುಂಬೆ ಎಲ್ಲ ಒಂದೇ ಪಾತ್ರೆಯಲ್ಲಿ ಕಲಸಿದ ಹಾಗೆ. ಮಾದರಿಗೆ ಕಾಣೋ ಘಟ್ಟ ಒಂದು ಸಣ್ಣ ದಿಬ್ಬ ಅಷ್ಟೆ. ಹಾಗಾಗಿ ಮಿಲಿಮೀಟರ್ ಜಗಳ ಬಿಡಿ, ಪ್ರಶ್ನೆಯನ್ನೇ ತಿರುಗಿಸಿ: ಭಾರಿ ಮಳೆಯ ದಿನಗಳನ್ನ ಇಲಾಖೆಯ ಮಳೆ ಮಾಪಕದ ಲೆಕ್ಕದಿಂದ ಆರಿಸಿ, ಆ ದಿನಗಳಲ್ಲಿ 850 ಹೆಕ್ಟೋಪ್ಯಾಸ್ಕಲ್ ಒತ್ತಡದ ಮಟ್ಟದ (ಸುಮಾರು ಒಂದೂವರೆ ಕಿ.ಮೀ. ಎತ್ತರ) ಪಶ್ಚಿಮದ ಗಾಳಿ, ತೇವಾಂಶ ಹೇಗಿತ್ತು, ಕರಾವಳಿಯುದ್ದಕ್ಕೂ ಕಡಿಮೆ ಒತ್ತಡದ ಪಟ್ಟಿ ಇತ್ತಾ ನೋಡಿ. ಇಆರ್‌ಎ5 ಅದಕ್ಕೆ ಚೆನ್ನಾಗಿ ಒದಗುತ್ತೆ.

ತೀರ್ಥಹಳ್ಳಿಯವಳು: ಕೂಡಿಸಿ ನೋಡಿದೆ, ತಾರೀಕು ಕೂತ್ಕೊಂತು! ಭಾರಿ ಮಳೆಗೆ ಇಲಾಖೆಯ 64.5 ಮಿ.ಮೀ. ಮಿತಿ ಇಟ್ರೆ ಆಗುಂಬೆಯಲ್ಲಿ ದಿನಗಳು ವಿಪರೀತ ಸಿಗ್ತವೆ. 95ನೇ ಪರ್ಸೆಂಟೈಲ್ (ನೂರರಲ್ಲಿ 95 ದಿನಗಳ ಮಳೆ ಇದಕ್ಕಿಂತ ಕಮ್ಮಿ ಇರೋ ಮಿತಿ) ಇಡ್ಲಾ?

ಘಟ್ಟದ ಕೆಳಗಿನವ: ಇಡಿ. ಮಳೆ ಬಂದ ದಿನಗಳನ್ನಷ್ಟೇ ಲೆಕ್ಕಕ್ಕೆ ತಗೊಳ್ಳಿ.