‘ಮೂಳೆ ಸವೆತ’ ಎಂದರೆ ಯಾವ ರೋಗ? ಪದಬಲ್ಲವರಲ್ಲಿ ಒಂದು ವಿಚಾರಣೆ

ಪದಬಲ್ಲ ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ಎಲುಬು ಒಳಗೊಳಗೇ ಬಲ ಕಳೆದುಕೊಂಡು ಸುಲಭವಾಗಿ ಮುರಿಯುವಂತಾಗುವ ಆಸ್ಟಿಯೊಪೊರೋಸಿಸ್ ಎಂಬ ರೋಗಕ್ಕೆ ಕನ್ನಡದಲ್ಲಿ ಯಾವ ಹೆಸರು ನಿಲ್ಲಬೇಕು? ಮುಟ್ಟು ನಿಂತ ಹೆಂಗಸರಿಗಾಗಿ ಒಂದು ಹಾಳೆಯ ತಿಳಿವಳಿಕೆ ಪತ್ರ ಬರೆದುಕೊಡಿ ಎಂದು ನಮ್ಮ ಓಣಿಯ ಮಹಿಳಾ ಸಂಘದವರು ಕೇಳಿದ್ದಾರೆ. ಸಂಘದ ಹಲವರು ಎಲುಬಿನ ಸ್ಕ್ಯಾನ್ ಮಾಡಿಸಿಕೊಂಡಿದ್ದಾರೆ, ವರದಿ ಮಾತ್ರ ಯಾರಿಗೂ ಅರ್ಥವಾಗಿಲ್ಲ. ವೈದ್ಯಕೀಯ ವಿಷಯವನ್ನು ಮೂಳೆ ವೈದ್ಯರೊಬ್ಬರು ತಿದ್ದಿಕೊಡುತ್ತಾರೆ. ಪದಗಳ ಹೊಣೆ ನನ್ನದು, ತೊಡಕೂ ಅಲ್ಲಿಯೇ.

ಪತ್ರಿಕೆಗಳು ಈ ರೋಗವನ್ನು ‘ಮೂಳೆ ಸವೆತ’ ಎಂದು ಬರೆಯುತ್ತವೆ. ಆದರೆ ಮೊಣಕಾಲಿನ ಕೀಲು ಕೆಟ್ಟು, ಎಲುಬಿನ ತುದಿಯ ಮೆತ್ತನೆಯ ಹೊದಿಕೆ ತೆಳುವಾಗಿ, ಮೆಟ್ಟಿಲು ಹತ್ತಲು ಆಗದಂತಾಗುವುದಕ್ಕೂ ಜನ ಸವೆತವೆಂದೇ ಹೇಳುತ್ತಾರೆ. ಇವು ಎರಡು ಬೇರೆ ರೋಗಗಳು. ಕೀಲಿನ ಸವೆತ ನೋಯುತ್ತದೆ. ಆಸ್ಟಿಯೊಪೊರೋಸಿಸ್ ಎಲುಬು ಮುರಿಯುವವರೆಗೆ ನೋಯುವುದೇ ಇಲ್ಲ. ಎರಡಕ್ಕೂ ಒಂದೇ ಹೆಸರಿಟ್ಟರೆ ಏನಾಗುತ್ತದೆಂದು ಇಲ್ಲಿ ನೋಡುತ್ತಿದ್ದೇನೆ: ‘ನನಗೆ ಸವೆತ ಇದೆ ಎಂದರು, ಆದರೆ ನೋವೇ ಇಲ್ಲವಲ್ಲ’ ಎಂದು ಗುಳಿಗೆ ಬಿಟ್ಟವರಿದ್ದಾರೆ. ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು, ಸ್ಕ್ಯಾನಿನಲ್ಲಿ ಕಂಡ ರೋಗಕ್ಕೂ ಅದೇ ಉಪಚಾರವೆಂದು ನಂಬಿದವರೂ ಇದ್ದಾರೆ. ಆದ್ದರಿಂದ ‘ಸವೆತ’ವನ್ನು ಕೀಲಿಗೆ ಬಿಟ್ಟುಕೊಟ್ಟು ಇದಕ್ಕೆ ಬೇರೆ ಹೆಸರು ಹುಡುಕಲೇಬೇಕೆಂಬುದು ನನ್ನ ಪಟ್ಟು.

ಸಂಸ್ಕೃತದ ಮೂಲಕ ಬಂದ ‘ಅಸ್ಥಿರಂಧ್ರತೆ’ ಒಂದು ಸಿದ್ಧ ಪದ. ಗ್ರೀಕ್ ಮೂಲದಲ್ಲಿಯೂ ತೂತುಬಿದ್ದ ಎಲುಬು ಎಂಬ ಅರ್ಥವೇ ಇರುವುದರಿಂದ ಅನುವಾದ ಚೊಕ್ಕವಾಗಿದೆ. ಆದರೆ ಗಟ್ಟಿಯಾಗಿ ಓದಿಸಿ ನೋಡಿ. ಓದುವವರ ಕಣ್ಣು ‘ಅಸ್ಥಿರ’ ಎಂಬಲ್ಲಿಯೇ ನಿಂತುಬಿಡುತ್ತದೆ, ಮುಂದಿನದು ತಡವರಿಕೆ. ‘ಟೊಳ್ಳು’ ಜನರ ಬಾಯಲ್ಲಿರುವ ಪದ, ಆದರೆ ತೊಡೆಯ ಎಲುಬು ಆರೋಗ್ಯದಲ್ಲಿಯೂ ಒಳಗೆ ಟೊಳ್ಳೇ, ಅಲ್ಲಿ ಮಜ್ಜೆ ಇರುತ್ತದೆ. ನನಗೆ ಹಿಡಿಸಿರುವುದು ‘ಬೆಂಡು’. ಜೋಳದ ಕಣಿಕೆಯ ಸಿಪ್ಪೆ ಸುಲಿದರೆ ಸಿಗುವ ಹಗುರವಾದ, ಒತ್ತಿದರೆ ಕುಗ್ಗುವ ತಿರುಳಿನಂತೆ, ಎಲುಬು ಹೊರ ಆಕಾರ ಕಳೆದುಕೊಳ್ಳದೆ ಒಳಗೆ ಬಲ ಕಳೆದುಕೊಳ್ಳುತ್ತದೆ. ‘ಎಲುಬು ಬೆಂಡಾಗುವ ರೋಗ’ ಎಂದರೆ ನಮ್ಮ ಕಡೆ ವಿವರಣೆಯೇ ಬೇಡ. ಒಂದೇ ಅನುಮಾನವೆಂದರೆ ‘ದುಡಿದು ಬೆಂಡಾದೆ’ ಎಂಬ ಮಾತು ಈಗಾಗಲೇ ದಣಿವಿಗೆ ಮೀಸಲಾಗಿದೆ. ಅದು ಅಡ್ಡಿಯೋ ಅನುಕೂಲವೋ, ನೀವು ಹೇಳಬೇಕು.

‘ಎಲುಬು’ ಎಂದೇ ಬರೆಯುತ್ತಿದ್ದೇನೆ. ಇಲ್ಲಿ ಅದೇ ಮೊದಲ ಪದ, ಉರ್ದು ಮಾತಾಡುವ ನೆರೆಯವರಲ್ಲಿ ‘ಹಡ್ಡಿ’. ಅಚ್ಚಿನಲ್ಲಿ ‘ಮೂಳೆ’ ಗೆದ್ದುಬಿಟ್ಟಿದೆ. (ತಮಿಳಿನಲ್ಲಿ ಎಲುಬಿಗೆ ‘ಎಲುಂಬು’ ಎನ್ನುತ್ತಾರೆ, ‘ಮೂಳೈ’ ಎಂದರೆ ಮಿದುಳು! ಬಲ್ಲವರು ಈ ದಾರಿ ಹಿಡಿದು ಬರೆದರೆ ಸಂತೋಷ.) ಹಾಗೆಯೇ ‘ಋತುಬಂಧ’ದ ಬದಲು ‘ಮುಟ್ಟು ನಿಲ್ಲುವುದು’ ಎಂದು ಬರೆದಿದ್ದೇನೆ, ಅದರ ಬಗ್ಗೆ ನನಗೆ ಚರ್ಚೆ ಬೇಕಿಲ್ಲ.

ಇನ್ನು ವರದಿ. ‘ಮೂಳೆ ಸಾಂದ್ರತೆ’ ಎಂಬುದು ನೆಲೆಯೂರಿದ ಪದ. ಶಾಲೆಯ ಪಾಠದಂತೆ ಸಾಂದ್ರತೆ ಎಂದರೆ ಗಾತ್ರದ ಲೆಕ್ಕ. ಈ ಯಂತ್ರವಾದರೋ ಎರಡು ಬಗೆಯ ಶಕ್ತಿಯ ಎಕ್ಸ್-ರೇ ಹಾಯಿಸಿ, ಬಿದ್ದ ಚಿತ್ರದ ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಖನಿಜ ಎಂದು ಹೇಳುತ್ತದೆ. ಕಟ್ಟುನಿಟ್ಟಿನವರು ಆಕ್ಷೇಪಿಸಬಹುದು, ನಾನು ಆಕ್ಷೇಪಿಸುವುದಿಲ್ಲ. ನಿಜವಾದ ಕಷ್ಟ ಅದರ ಪಕ್ಕದ ಅಂಕಿಯಲ್ಲಿದೆ.

‘ಟಿ ಸ್ಕೋರ್’ ಎಂದರೆ ಆರೋಗ್ಯವಂತ ಯುವ ವಯಸ್ಸಿನ ಸರಾಸರಿಗೆ ಹೋಲಿಸಿದರೆ ನಿಮ್ಮ ಎಲುಬು ಎಲ್ಲಿದೆ ಎಂಬ ಅಳತೆ. ‘ಝಡ್ ಸ್ಕೋರ್’ ನಿಮ್ಮದೇ ವಯಸ್ಸಿನವರ ಜೊತೆಗಿನ ಹೋಲಿಕೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಗೆರೆಗಳ ಪ್ರಕಾರ ಟಿ ಅಂಕ ಮೈನಸ್ 1 ಅಥವಾ ಅದಕ್ಕಿಂತ ಮೇಲಿದ್ದರೆ ಸಾಮಾನ್ಯ, ಮೈನಸ್ 1 ಮತ್ತು ಮೈನಸ್ 2.5ರ ನಡುವೆ ಇದ್ದರೆ ಆಸ್ಟಿಯೊಪೀನಿಯ, ಮೈನಸ್ 2.5 ಅಥವಾ ಅದರ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಗಣಿತದ ಕನ್ನಡದಲ್ಲಿ ಮೈನಸ್ಸಿಗೆ ‘ಋಣ’ ಎನ್ನುತ್ತೇವೆ. ‘ಋಣ 2.8’ ಎಂದು ಬರೆದದ್ದನ್ನು ಕಂಡ ಒಬ್ಬ ಅಜ್ಜಿ, ಈ ವಯಸ್ಸಿನಲ್ಲಿ ಯಾರ ಸಾಲ ಉಳಿದಿದೆಯೋ ಎಂದರು. ಅದನ್ನು ಕೈಬಿಟ್ಟೆ. ಅದಕ್ಕಿಂತ ದೊಡ್ಡ ಗೊಂದಲ ‘ಹೆಚ್ಚು’ ಮತ್ತು ‘ಕಡಿಮೆ’ಗಳದು. ಮೈನಸ್ 2.2 ಇದ್ದದ್ದು ಮೈನಸ್ 2.7 ಆದರೆ ‘ಹೆಚ್ಚಾಗಿದೆ’ ಎಂದು ಹಿಗ್ಗುವವರಿದ್ದಾರೆ, ಅಂಕಿ ದೊಡ್ಡದಾಗಿ ಕಾಣುತ್ತದಲ್ಲ! ನನ್ನ ಹಾಳೆಯಲ್ಲಿ ‘ಹೆಚ್ಚು’, ‘ಕಡಿಮೆ’ ಎರಡನ್ನೂ ತೆಗೆದು, ‘ಗೆರೆಯಿಂದ ಕೆಳಗೆ ಇಳಿದಿದೆ’, ‘ಗೆರೆಯ ಕಡೆಗೆ ಏರಿದೆ’ ಎಂದಷ್ಟೇ ಬರೆದಿದ್ದೇನೆ. ‘ಸ್ಕೋರ್’ ಎಂಬುದೂ ಪರೀಕ್ಷೆಯ ಅಂಕದ ಭಯ ಹುಟ್ಟಿಸುತ್ತದೆ, ಆದರೆ ವರದಿಯಲ್ಲಿ ಅಚ್ಚಾಗಿರುವ ಪದವನ್ನು ಹಾಳೆಯಲ್ಲಿ ಮರೆಮಾಚಿ ಪ್ರಯೋಜನವಿಲ್ಲ.

ಆಸ್ಟಿಯೊಪೀನಿಯಕ್ಕೆ ಗ್ರೀಕ್ ಮೂಲದಲ್ಲಿ ಎಲುಬಿನ ಬಡತನ ಎಂಬ ಅರ್ಥವಿದೆ. ಕನ್ನಡದಲ್ಲಿ ಅದನ್ನು ರೋಗದ ಹೆಸರಿನಂತೆ ಕಟ್ಟಬಾರದೆಂದು ವೈದ್ಯರ ಸೂಚನೆ, ಏಕೆಂದರೆ ಆ ನಡುವಿನ ಪಟ್ಟಿಯಲ್ಲಿರುವ ಎಲ್ಲರಿಗೂ ಔಷಧ ಬೇಕಿಲ್ಲ. ವಯಸ್ಸು, ಹಿಂದೆ ಎಲುಬು ಮುರಿದಿದೆಯೇ, ತಾಯಿ ಅಥವಾ ತಂದೆಗೆ ತೊಡೆಸಂದಿನ ಎಲುಬು ಮುರಿದಿತ್ತೇ, ಸ್ಟಿರಾಯ್ಡ್ ಗುಳಿಗೆ ನುಂಗಿದ್ದಾರೆಯೇ ಎಂಬುದೆಲ್ಲವನ್ನೂ ಸೇರಿಸಿ ಮುಂದಿನ 10 ವರ್ಷಗಳ ಮುರಿತದ ಸಂಭವವನ್ನು ಲೆಕ್ಕಹಾಕುವ ‘ಫ್ರ್ಯಾಕ್ಸ್’ ಎಂಬ ವಿಧಾನವಿದೆ. ಹಾಗಾಗಿ ‘ಎಚ್ಚರಿಕೆಯ ಪಟ್ಟಿ’ ಎಂದಿದ್ದೇನೆ.

ಅಂಗಗಳ ಹೆಸರಿನಲ್ಲಿ ನನಗೆ ನಿಜಕ್ಕೂ ಸಹಾಯ ಬೇಕು. ಸ್ಕ್ಯಾನ್ ಮುಖ್ಯವಾಗಿ ಎರಡು ಕಡೆ ನಡೆಯುತ್ತದೆ: ಬೆನ್ನೆಲುಬಿನ ಕೆಳಭಾಗ ಮತ್ತು ತೊಡೆ ಬಂದು ಸೇರುವ ಸಂದು. ನಮ್ಮಲ್ಲಿ ಎರಡಕ್ಕೂ ‘ಸೊಂಟ’ ಅಥವಾ ‘ಟೊಂಕ’ ಎಂದೇ ಹೇಳುತ್ತೇವೆ. ‘ಸೊಂಟದ ಅಂಕ ಚೆನ್ನಾಗಿದೆ, ಸೊಂಟದ ಅಂಕ ಚೆನ್ನಾಗಿಲ್ಲ’ ಎಂದರೆ ಓದುವವರು ಏನು ಮಾಡಬೇಕು? ಜೊತೆಗೆ ವರದಿಯಲ್ಲಿ ‘ನೆಕ್’ ಎಂದು ಇರುತ್ತದೆ. ಅದು ತೊಡೆ ಎಲುಬಿನ ಕೊರಳು, ಗುಂಡನೆಯ ತಲೆಯ ಕೆಳಗಿನ ಕಿರಿದಾದ ಭಾಗ. ‘ಕುತ್ತಿಗೆಯ ಸ್ಕ್ಯಾನ್ ಮಾಡಿಯೇ ಇಲ್ಲ, ಬರೆದಿದ್ದಾರೆ ನೋಡಿ’ ಎಂದು ಜಗಳಕ್ಕೆ ಹೊರಟವರನ್ನು ತಡೆಯಬೇಕಾಯಿತು. ಇನ್ನೊಂದು ಹಳೆಯ ರೋಗ ‘ಬೆನ್ನುಹುರಿ’. ಹುರಿ ಎಂದರೆ ಒಳಗಿನ ನರದ ಹಗ್ಗ, ಮುರಿಯುವುದು ಬೆನ್ನೆಲುಬಿನ ಮಣಿ. ‘ಬೆನ್ನುಹುರಿ ಮುರಿದು’ ಎಂದು ಬರೆಯುವ ವರದಿಗಾರರನ್ನು ಯಾರಾದರೂ ಹಿಡಿದು ತಿದ್ದಿ.

‘ಫ್ರ್ಯಾಕ್ಚರ್’ ನಮ್ಮ ಮಾತಿನಲ್ಲಿ ಮೆತ್ತಗಾಗಿದೆ. ‘ಮುರಿದಿಲ್ಲ, ಬರೀ ಫ್ರ್ಯಾಕ್ಚರ್’ ಎಂದು ಸಮಾಧಾನ ಹೇಳುವುದು ಎಲ್ಲ ಕಡೆ ಇದೆ. ವೈದ್ಯರಿಗೆ ಎರಡೂ ಒಂದೇ. ನಿಂತಲ್ಲಿಂದ ಜಾರಿ ಬಿದ್ದಷ್ಟಕ್ಕೇ ತೊಡೆಸಂದಿನ ಎಲುಬೋ ಬೆನ್ನುಮಣಿಯೋ ಮುರಿದಿದ್ದರೆ, ಸ್ಕ್ಯಾನಿನ ಅಂಕಿ ಏನೇ ಇರಲಿ, ಅದನ್ನು ಈ ರೋಗದ ಲಕ್ಷಣವೆಂದೇ ಹಿಡಿಯುತ್ತಾರೆ. ಆದ್ದರಿಂದ ಇಲ್ಲಿ ‘ಬಿರುಕು’ ಎಂದು ಬರೆಯುವುದು ಅಪಾಯ, ‘ಮುರಿತ’ ಎಂದೇ ಇರಲಿ. ಬೆನ್ನುಮಣಿ ಒಳಕ್ಕೆ ಕುಗ್ಗಿ ಎತ್ತರ ಕಡಿಮೆಯಾಗುವುದಕ್ಕೆ ‘ಕುಸಿತ’ ಎಂದಿದ್ದೇನೆ. ಇದು ಎಷ್ಟೋ ಸಲ ಗೊತ್ತೇ ಆಗದಂತೆ ನಡೆಯುತ್ತದೆ. ‘ವಯಸ್ಸಾಯಿತು, ಬೆನ್ನು ಬಾಗಿತು’ ಎಂದು ನಾವು ಒಪ್ಪಿಕೊಂಡುಬಿಡುವ ಗೂನಿನ ಹಿಂದೆ ಹಲವು ವೇಳೆ ಇಂಥ ಕುಸಿತ ಇರುತ್ತದೆ.

ಔಷಧದ ಕನ್ನಡ ಇನ್ನೂ ಸಡಿಲ. ಎಲ್ಲವೂ ‘ತಾಕತ್ತಿನ ಗುಳಿಗೆ’. ಎಲುಬು ಸುಮ್ಮನಿರುವ ವಸ್ತುವಲ್ಲ, ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಸದಾ ದುಡಿಯುತ್ತಿರುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಎಂಬ ಹಾರ್ಮೋನು ತಗ್ಗಿ ಕರಗಿಸುವವರ ಕೈ ಮೇಲಾಗುತ್ತದೆ. ಅಲೆಂಡ್ರೊನೇಟ್, ಝೊಲೆಡ್ರೊನಿಕ್ ಆಮ್ಲ, ಡೆನೊಸುಮಾಬ್ ಇವೆಲ್ಲ ಕರಗುವುದನ್ನು ತಡೆಯುವಂಥವು. ಟೆರಿಪ್ಯಾರಟೈಡ್ ದಿನಕ್ಕೊಂದು ಸೂಜಿಯಾಗಿ ಕಟ್ಟುವ ಕೆಲಸವನ್ನು ಚುರುಕುಗೊಳಿಸುತ್ತದೆ. ‘ಕರಗುತಡೆ’ ಮತ್ತು ‘ಕಟ್ಟುಮದ್ದು’ ಎಂಬ ಜೋಡಿ ನನಗೆ ಹೊಳೆದಿದೆ, ಕಿವಿಗೆ ಒರಟೆನಿಸಿದರೆ ತಿದ್ದಿ. ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವ ಇವೆರಡರ ಗುಂಪಿಗೆ ಸೇರಿದವಲ್ಲ, ಅವು ಸಾಮಗ್ರಿ. ಕ್ಯಾಲ್ಸಿಯಂಗೆ ‘ಸುಣ್ಣದ ಅಂಶ’ ಎಂದು ಬರೆದರೆ ಎಲೆ ಅಡಿಕೆಯವರಿಗೆ ನೆಪ ಸಿಗುತ್ತದೆ, ಅದಕ್ಕೆ ಕ್ಯಾಲ್ಸಿಯಂ ಎಂದೇ ಬಿಟ್ಟಿದ್ದೇನೆ. ಬೆಂಗಳೂರಿನ ಕಡೆಯ ಪುಸ್ತಿಕೆಗಳು ‘ರಾಗಿ ತಿನ್ನಿ’ ಎಂದು ಮುಗಿಸುತ್ತವೆ. ಜೋಳದ ರೊಟ್ಟಿಯ ಊರಿನಲ್ಲಿ ಹಾಲು, ಮೊಸರು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಹೆಸರು ಹೇಳಬೇಡವೇ? ಇಷ್ಟು ಬಿಸಿಲಿನ ಊರಲ್ಲಿ ಡಿ ಜೀವಸತ್ವದ ಕೊರತೆಯೇ ಎಂದು ಎಲ್ಲರೂ ನಗುತ್ತಾರೆ. ಬಿಸಿಲು ಹೊರಗಿದೆ, ಹೆಂಗಸರು ಒಳಗಿದ್ದಾರೆ.

‘ಖಾಲಿ ಹೊಟ್ಟೆ’ ಎಂಬ ಮಾತನ್ನು ನಾನು ಅತಿ ಹೆಚ್ಚು ತಿದ್ದಿದ್ದೇನೆ. ಅಲೆಂಡ್ರೊನೇಟ್ 70 ಮಿಲಿಗ್ರಾಂ ಗುಳಿಗೆಯನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಎದ್ದ ಮೇಲೆ, ಬರೀ ನೀರಿನ ಜೊತೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ನಮ್ಮಲ್ಲಿ ಚಹಾ ಕುಡಿದರೂ ಹೊಟ್ಟೆ ಖಾಲಿಯೇ! ಆದ್ದರಿಂದ ‘ಚಹಾಕ್ಕೂ ಮೊದಲು, ದೊಡ್ಡ ಲೋಟದ ತುಂಬ ನೀರಿನೊಂದಿಗೆ’ ಎಂದು ಬರೆದೆ. ನುಂಗಿದ ಮೇಲೆ ಅರ್ಧ ಗಂಟೆ ಏನನ್ನೂ ತಿನ್ನಬಾರದು, ‘ಮಲಗಬಾರದು’. ಇಲ್ಲಿಯೂ ತೊಡಕು: ನಿದ್ದೆ ಮಾಡದೆ ಸುಮ್ಮನೆ ಮೈಚಾಚಿದರೆ ಅದು ಮಲಗಿದಂತೆ ಅಲ್ಲ ಎನ್ನುತ್ತಾರೆ. ‘ಅಡ್ಡಾಗಬಾರದು’ ಎಂದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಗುಳಿಗೆ ಅನ್ನನಾಳದಲ್ಲಿ ನಿಂತರೆ ಸುಡುತ್ತದೆ, ಅದಕ್ಕೆ ಈ ಕಟ್ಟಳೆ. ಕ್ಯಾಲ್ಸಿಯಂ ಗುಳಿಗೆಯನ್ನು ಅದೇ ಹೊತ್ತಿಗೆ ನುಂಗಿದರೆ ಇದು ಮೈಗೆ ಹತ್ತುವುದಿಲ್ಲ.

ಕೊನೆಯದು ‘ಔಷಧ ರಜೆ’. ಅಲೆಂಡ್ರೊನೇಟ್ ಗುಂಪಿನ ಮದ್ದು ಎಲುಬಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ, ಮುರಿತದ ಅಪಾಯ ಕಡಿಮೆ ಇರುವವರಿಗೆ ಸಾಮಾನ್ಯವಾಗಿ ಗುಳಿಗೆಯಾದರೆ 5 ವರ್ಷ, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಝೊಲೆಡ್ರೊನಿಕ್ ಆಮ್ಲವಾದರೆ 3 ವರ್ಷ ಆದಮೇಲೆ ಸ್ವಲ್ಪ ಕಾಲ ನಿಲ್ಲಿಸುವುದುಂಟು. ಡೆನೊಸುಮಾಬ್ ಹಾಗಲ್ಲ. 6 ತಿಂಗಳಿಗೊಮ್ಮೆಯ ಆ ಸೂಜಿಯನ್ನು ತಾವಾಗಿಯೇ ನಿಲ್ಲಿಸಿದರೆ ಎಲುಬು ಭರದಿಂದ ಕರಗುತ್ತದೆ, ಬೆನ್ನುಮಣಿಗಳು ಒಂದಾದ ಮೇಲೊಂದು ಕುಸಿಯಬಹುದು. ನಿಲ್ಲಿಸುವುದಾದರೆ ಬೇರೆ ಮದ್ದಿಗೆ ಬದಲಾಯಿಸಿಯೇ ನಿಲ್ಲಿಸಬೇಕು. ‘ರಜೆ’ ಎಂಬ ಸಿಹಿ ಪದ ಹಾಳೆಯಲ್ಲಿ ಕಂಡರೆ ಎಲ್ಲರೂ ರಜೆ ಹಾಕುತ್ತಾರೆ. ‘ವೈದ್ಯರು ಹೇಳಿದ ಬಿಡುವು’ ಎಂದು ಬರೆದಿದ್ದೇನೆ, ಉದ್ದವಾಯಿತು. ಇದಕ್ಕಿಂತ ಚಿಕ್ಕದು ಇದೆಯೇ?

ಬೀದರ್, ಯಾದಗಿರಿ ಕಡೆಯವರು ತೊಡೆಸಂದಿಗೆ ಸೊಂಟವಲ್ಲದ ಒಂದು ಹೆಸರನ್ನು ದಯವಿಟ್ಟು ಹೇಳಿ. ಎಲುಬು ಕೂಡಿಸುವ ನಾಟಿ ವೈದ್ಯರ ಮನೆಗಳಲ್ಲಿ ಅಂಥ ಪದ ಉಳಿದಿರಬೇಕು ಎಂಬ ಆಸೆ ನನ್ನದು. ‘ಬೆಂಡು’ ಬೇಡ ಎನ್ನುವವರು ಕಾರಣದ ಜೊತೆ ಬದಲಿ ಪದವನ್ನೂ ಕೊಡಿ. ಉತ್ತರದಲ್ಲಿ ನಿಮ್ಮ ಊರಿನ ಹೆಸರು ಇರಲಿ. ಆಳಂದದಲ್ಲಿ ಒಂದು ಅರ್ಥದ ಪದ ಸೇಡಂ ಮುಟ್ಟುವಷ್ಟರಲ್ಲಿ ಬೇರೆಯದಾಗಿರುವುದುಂಟು, ಹಾಳೆ ಎರಡೂ ಕಡೆ ಹೋಗಬೇಕಾಗಿದೆ.