ನ್ಯೂಸೆನ್ಸ್ (ನೆರೆಯವರಿಗೆ, ಸಾರ್ವಜನಿಕರಿಗೆ ಆಗುವ ಬಾಧೆ) ಕಾನೂನು: ರಾಜ್ಯದ ಕೈಯಲ್ಲಿ ಏನಿದೆ, ಮನವಿಯಲ್ಲಿ ಏನು ಕೇಳಬೇಕು?

ಬಡಾವಣೆ_ಸಂಘ:
ವಸತಿ ರಸ್ತೆಯಲ್ಲಿ ಗ್ರಿಲ್ ವೆಲ್ಡಿಂಗ್ ಅಂಗಡಿ, ರಾತ್ರಿ ಹನ್ನೊಂದರವರೆಗೂ ಕಟಿಂಗ್ ಮಷಿನ್. ಬಾಧೆ ಮೂರ್ನಾಲ್ಕು ಮನೆಗೆ. ಇಂಥ ದೂರು ಹೋದರೆ ಕಂದಾಯ ಇಲಾಖೆಯವರು 'ಖಾಸಗಿ ವ್ಯಾಜ್ಯ, ಸಿವಿಲ್ ಕೋರ್ಟಿಗೆ ಹೋಗಿ' ಎನ್ನುತ್ತಾರೆ, ಪೊಲೀಸರು ಪಾಲಿಕೆಯ ಕಡೆ ಕೈ ತೋರಿಸುತ್ತಾರೆ. ಕಾನೂನು ತಿದ್ದಿ ಅಂತ ಶಾಸಕರಿಗೆ ಮನವಿ ಕೊಡುವುದಾದರೆ, ರಾಜ್ಯ ನಿಜಕ್ಕೂ ಮಾಡಬಹುದಾದದ್ದು ಯಾವುದು?

ಸಿವಿಲ್_ಕಟ್ಟೆ:
ಮೊದಲು ಸಿಕ್ಕು ಎಲ್ಲಿದೆ ನೋಡಿ. ಬಿಎನ್‌ಎಸ್‌ಎಸ್ (ಕ್ರಿಮಿನಲ್ ಪ್ರಕ್ರಿಯೆಯ ಹೊಸ ಸಂಹಿತೆ) ಕಲಂ 152 (ಹಳೆಯ ಸಿಆರ್‌ಪಿಸಿ 133) ಪ್ರಕಾರ ಜಿಲ್ಲಾಧಿಕಾರಿ, ಎ.ಸಿ. (ಉಪವಿಭಾಗಾಧಿಕಾರಿ), ಅಥವಾ ಸರ್ಕಾರ ವಿಶೇಷವಾಗಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಷರತ್ತಿನ ಆದೇಶ (ಬಾಧೆ ನಿಲ್ಲಿಸಿ, ಇಲ್ಲವೇ ಹಾಜರಾಗಿ ತಕರಾರು ಹೇಳಿ ಅಂತ) ಹೊರಡಿಸಬಹುದು. ವ್ಯಾಪಾರ, ಕಸುಬಿನ ವಿಷಯದಲ್ಲಿ ಅದು 'ಸಮುದಾಯದ' ಆರೋಗ್ಯಕ್ಕೆ ಅಥವಾ ದೈಹಿಕ ನೆಮ್ಮದಿಗೆ ಹಾನಿ ಮಾಡುತ್ತಿರಬೇಕು. ಎಷ್ಟು ಮನೆ ಸೇರಿದರೆ ಸಮುದಾಯ ಅಂತ ಎಲ್ಲೂ ಬರೆದಿಲ್ಲ. ಮೂರು ಮನೆಯ ದೂರು ಬಿದ್ದುಹೋಗುವುದು ಈ ಸಂದಿಯಲ್ಲೇ.

ಇನ್ನೊಂದು, ಕಾಲಮಿತಿ. ಹೊಸ ಸಂಹಿತೆ ಕಲಂ 157ರಲ್ಲಿ 90 ದಿನ, ಕಾರಣ ಬರೆದು 120 ದಿನದವರೆಗೆ ಅಂತ ಹೇಳಿದ್ದು ಒಳ್ಳೆಯದೇ. ಆದರೆ ಆ ಗಡಿಯಾರ ಓಡುವುದು ಎದುರು ಪಕ್ಷದವರು ಹಾಜರಾಗಿ ತಕರಾರು ಹಾಕಿದ ಮೇಲಿನ ವಿಚಾರಣೆಗೆ. ನೀವು ಅರ್ಜಿ ಕೊಟ್ಟ ದಿನದಿಂದ ಷರತ್ತಿನ ಆದೇಶದವರೆಗೆ ಮಿತಿಯೇ ಇಲ್ಲ. ಕಡತ ಸ್ಥಳ ತನಿಖಾ ವರದಿಗೆ ಕಾಯುತ್ತಾ ಕೂರುವುದು ಆ ಅವಧಿಯಲ್ಲಿ.

ದಂಡದ ಮಾತು ಬಿಡಿ. ಹಳೆಯ ದಂಡ ಸಂಹಿತೆ ಐಪಿಸಿ 290ರಲ್ಲಿ ಸಾರ್ವಜನಿಕ ನ್ಯೂಸೆನ್ಸಿಗಿದ್ದ 200 ರೂಪಾಯಿವರೆಗಿನ ದಂಡ, ಅದರ ಬದಲು ಬಂದ ಬಿಎನ್‌ಎಸ್ 292ರಲ್ಲಿ 1,000 ಆಗಿದೆ. ಗ್ರಿಲ್ ಅಂಗಡಿಗೆ ಅದು ಒಂದು ದಿನದ ಖರ್ಚೂ ಅಲ್ಲ. ನಿಜವಾದ ಬಿಸಿ ತಟ್ಟುವುದು, ನಿಲ್ಲಿಸಿ ಅಂತ ಆದೇಶವಾದ ಮೇಲೂ ಮುಂದುವರಿಸಿದರೆ: ಬಿಎನ್‌ಎಸ್ ಕಲಂ 293, ಆರು ತಿಂಗಳವರೆಗೆ ಸಾದಾ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕೇ ಮೊದಲ ಆದೇಶ ಬೇಗ ಬರುವುದು ಮುಖ್ಯ.

ಕ್ರಿಮಿನಲ್, ಸಿವಿಲ್ ಪ್ರಕ್ರಿಯೆ ಎರಡೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ (ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳು). ರಾಜ್ಯ ತಿದ್ದುಪಡಿ ತರಬಹುದು, ಕೇಂದ್ರ ಕಾಯ್ದೆಗೆ ವಿರುದ್ಧವಾದರೆ 254(2)ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಬೇಕು. ಅದು ದೂರದ ದಾರಿ. ಹತ್ತಿರದ್ದು: ಕಲಂ 152ರ ಅಧಿಕಾರವನ್ನು ತಹಸೀಲ್ದಾರರಿಗೂ ಅಧಿಸೂಚನೆಯಲ್ಲಿ ಸ್ಪಷ್ಟವಾಗಿ ಕೊಡಿ, ಸ್ಥಳ ವರದಿಗೆ 15 ದಿನ ಅಂತ ಸುತ್ತೋಲೆ ಹೊರಡಿಸಿ ಅಂತ ಕೇಳಿ. ಇದಕ್ಕೆ ವಿಧಾನಸಭೆಯೂ ಬೇಡ.

ಡೆಸಿಬೆಲ್:
ಶಬ್ದದ ಮಟ್ಟಿಗೆ 2000ದ ಶಬ್ದ ಮಾಲಿನ್ಯ ನಿಯಮಗಳೇ ಹತ್ತಿರದ ಅಸ್ತ್ರ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ (10ರಿಂದ 6) 45 ಡೆಸಿಬೆಲ್. ವಾಣಿಜ್ಯಕ್ಕೆ 65 ಮತ್ತು 55. ಇಲ್ಲಿ ಎರಡು ಕಡೆ ಕೇಸು ಮುಗ್ಗರಿಸುತ್ತದೆ. ನಿಯಮ 7ರ ಪ್ರಕಾರ ಮಟ್ಟದ ಆಧಾರದ ಮೇಲೆ ದೂರು ಕೊಡಲು ಮಿತಿಗಿಂತ 10 ಡೆಸಿಬೆಲ್ ಹೆಚ್ಚಿರಬೇಕು, ಅಂದರೆ ವಸತಿ ರಸ್ತೆಯಲ್ಲಿ ರಾತ್ರಿ 55. ರಸ್ತೆ ವಾಣಿಜ್ಯ ಅಂತಾದರೆ ಅದೇ 65. ಅಂಗಡಿ, ಮನೆ ಬೆರೆತ ರಸ್ತೆ ಯಾವ ವರ್ಗ ಅಂತ ಘೋಷಣೆ ಇಲ್ಲದಿದ್ದರೆ ಎದುರಿನವರು ಹಿಡಿಯುವುದು ಇದನ್ನೇ. ವರ್ಗೀಕರಣ ರಾಜ್ಯದ್ದೇ ಕೆಲಸ (ನಿಯಮ 3). ಮನವಿಯಲ್ಲಿ ರಸ್ತೆವಾರು ಪಟ್ಟಿ ಕೇಳಿ, ವಾರ್ಡುವಾರು ಸಾಲದು.

ಅಳತೆಯಲ್ಲಿ ಆಗುವ ಎಡವಟ್ಟು ಇನ್ನೂ ಸರಳ: ಕಚೇರಿ ವೇಳೆಯಲ್ಲಿ ಬಂದು ಮೀಟರ್ ಹಿಡಿಯುತ್ತಾರೆ, ಮಷಿನ್ ಓಡುವುದು ರಾತ್ರಿ. ಮಲಗುವ ಕೋಣೆಯ ಕಿಟಕಿ ತೆರೆದು ಅದರ ಹೊರಗೆ ಒಂದು ಓದು, ಮಷಿನ್ ನಿಂತಾಗ ಅದೇ ಜಾಗದಲ್ಲಿ ಇನ್ನೊಂದು. ಮಹಜರಿನಲ್ಲಿ ಎರಡೂ ಸಮಯ ಸಮೇತ ಇರಲಿ. ಮಾನದಂಡ ಸರಾಸರಿ ಮಟ್ಟದ್ದು, ಕ್ಷಣದ ಗರಿಷ್ಠ ಸಂಖ್ಯೆಯದ್ದಲ್ಲ. ಮೊಬೈಲ್ ಆ್ಯಪ್ ನಂಬಿ ಹೋದರೆ ಮೀಟರಿಗೆ ಕ್ಯಾಲಿಬ್ರೇಷನ್ ಎಲ್ಲಿದೆ ಅಂತ ಮೊದಲ ಪಾಟೀಸವಾಲಿನಲ್ಲೇ ಕೇಳುತ್ತಾರೆ.

ಬಡಾವಣೆ_ಸಂಘ:
ಸಿವಿಲ್ ದಾವೆಯೇ ಹಾಕುವುದಾದರೆ?

ಸಿವಿಲ್_ಕಟ್ಟೆ:
ಬಾಧೆಗೆ ಒಳಗಾದ ಮನೆಯವರು ತಮ್ಮ ಹೆಸರಲ್ಲೇ ಶಾಶ್ವತ ನಿರ್ಬಂಧಕಾಜ್ಞೆ ಕೇಳಬಹುದು. ಜೊತೆಗೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 39ರಲ್ಲಿ ತಾತ್ಕಾಲಿಕ ತಡೆ, ಆದೇಶ 26 ನಿಯಮ 9ರಲ್ಲಿ ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರ್ ನೇಮಕ. ಕಮಿಷನರ್ ಅರ್ಜಿಯಲ್ಲಿ 'ರಾತ್ರಿ ಭೇಟಿ' ಅಂತ ಬರೆಯದಿದ್ದರೆ ಮತ್ತೆ ಹಗಲೇ ಬರುತ್ತಾರೆ. ಸಾರ್ವಜನಿಕ ನ್ಯೂಸೆನ್ಸ್ ಅಂತ ಹೋಗುವುದಾದರೆ ಸಿಪಿಸಿ 91: ಇಬ್ಬರು ಅಥವಾ ಹೆಚ್ಚು ಜನ, ಕೋರ್ಟಿನ ಅನುಮತಿಯೊಂದಿಗೆ. ತಮಗೇ ವಿಶೇಷ ನಷ್ಟವಾಗಿದೆ ಅಂತ ತೋರಿಸಬೇಕಿಲ್ಲ. ಪಾಲಿಕೆ ಹಣವಿಲ್ಲ ಅಂದರೂ ನಡೆಯದು ಅನ್ನುವುದು ಸುಪ್ರೀಂ ಕೋರ್ಟಿನ 1980ರ ರತ್ಲಾಂ ಪುರಸಭೆ ತೀರ್ಪಿನಿಂದಲೇ ಇತ್ಯರ್ಥ. ಆದರೆ ಅದು ಚರಂಡಿ, ಮಲಿನದ ಪ್ರಕರಣ, ಅಂಗಡಿಯವರ ಮೇಲೆ ನೇರ ಉಪಯೋಗವಿಲ್ಲ.

ಹೊಲದ_ಬದು:
ಒಂದು ಎಚ್ಚರಿಕೆ. 'ಸುಧಾರಣೆ' ಎರಡೂ ಕಡೆ ತಿರುಗುತ್ತದೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಹಂದಿ ಸಾಕಣೆಯ ನಾತದ ವಿರುದ್ಧ ನೆರೆಯವರು ದಾವೆ ಹಾಕಿದ್ದಕ್ಕೆ, 2017ರಲ್ಲಿ ಅಲ್ಲಿನ ಶಾಸನಸಭೆ ಪರಿಹಾರಕ್ಕೆ ಆಸ್ತಿಯ ಬೆಲೆ ಇಲ್ಲವೇ ಬಾಡಿಗೆ ಇಳಿದಷ್ಟೇ ಮಿತಿ ಹಾಕಿತು. 2018ರಲ್ಲಿ ಅರ್ಧ ಮೈಲಿಯೊಳಗಿನವರೇ, ಸಾಕಣೆ ಶುರುವಾದ ಇಲ್ಲವೇ ಮೂಲಭೂತವಾಗಿ ಬದಲಾದ ಒಂದು ವರ್ಷದೊಳಗೇ ದಾವೆ ಹೂಡಬೇಕು ಅಂತಾಯಿತು. 'ಸಮುದಾಯ ಅಂದರೆ ಏನು' ಅಂತ ವ್ಯಾಖ್ಯೆ ಕೇಳಲು ಹೋಗಿ, ಹತ್ತು ಮನೆ ಬೇಕು ಅಂತ ಬರೆಸಿಕೊಂಡು ಬಂದರೆ ಕಷ್ಟ. ಮನವಿಯಲ್ಲಿ ಮನೆಗಳ ಸಂಖ್ಯೆ ಹಾಕಬೇಡಿ. ಸಮಯ, ಮಟ್ಟ, ದೂರ ಹಾಕಿ.