ಅಪ್‌ಡೇಟ್: ಮೊದಲ ತ್ರೀ-ಗನ್ ಪಂದ್ಯ ಮುಗಿಸಿ ಬಂದೆ

ಟೆಕ್ಸಾಸ್‌ನ ನಮ್ಮೂರ ಕ್ಲಬ್ಬಿನ ತ್ರೀ-ಗನ್ ಪಂದ್ಯಕ್ಕೆ (ರೈಫಲ್, ಪಿಸ್ತೂಲು, ಶಾಟ್‌ಗನ್ ಮೂರರಿಂದಲೂ ಸಮಯದ ಜೊತೆ ಪೈಪೋಟಿಗಿಳಿದು ಗುರಿ ಹೊಡೆಯುವ ಆಟ) ಯಾವ ಶಾಟ್‌ಗನ್, ಯಾವ ಬೆಲ್ಟ್ ಕೊಳ್ಳಲಿ ಎಂದು ಹೋದ ತಿಂಗಳು ಕೇಳಿದ್ದೆ. ‘ಇರುವುದನ್ನೇ ಹಿಡಿದು ಹೋಗಿ, ಆಮೇಲೆ ಕೊಳ್ಳಿ’ ಎಂದವರಿಗೆ ಕೈಮುಗಿದೆ.

ರೈಫಲ್, ಪಿಸ್ತೂಲು ತಕರಾರು ಮಾಡಲಿಲ್ಲ. ಮಾನ ಕಳೆದದ್ದು ಶಾಟ್‌ಗನ್. ಅದರ ತೋಟಾ ತುಂಬುವ ಕೊಳವೆಯಲ್ಲಿ ಹಿಡಿಸುವುದು 8, ಎದುರಿಗೆ 12 ಉಕ್ಕಿನ ಗುರಿ. ಜೇಬಿನಿಂದ ಒಂದೊಂದೇ ಹೆಕ್ಕಿ ತುರುಕುವಷ್ಟರಲ್ಲಿ ಎರಡು ಮಣ್ಣಿಗೆ ಬಿದ್ದವು. ಟೈಮರ್ ಯಾರಿಗೂ ಕಾಯುವುದಿಲ್ಲವಲ್ಲ! ನಮ್ಮ ತಂಡದ ಹಿರಿಯರೊಬ್ಬರು ಸೊಂಟದ ಕ್ಯಾಡಿಯಿಂದ (ಬೆಲ್ಟಿಗೆ ಸಿಕ್ಕಿಸಿ ತೋಟಾ ಜೋಡಿಸಿಡುವ ಹಿಡಿಕೆ) ನಾಲ್ಕನ್ನು ಒಂದೇ ಹಿಡಿಗೆ ಎಳೆದು, ಹೆಬ್ಬೆರಳಿನಿಂದ ಎರಡೆರಡಾಗಿ ಒಳಕ್ಕೆ ನೂಕಿದರು. ಊರಿನಲ್ಲಿ ಅಡಿಕೆ ಸುಲಿಯುವವರ ಕೈಚಳಕ ನೆನಪಾಯಿತು.

ಬಂದೂಕಿನ ಬಾಯಿ 180 ಡಿಗ್ರಿ ಗೆರೆ (ನಾವು ನಿಂತಲ್ಲಿಂದ ಎಡಕ್ಕೂ ಬಲಕ್ಕೂ ನೇರವಾಗಿ ಎಳೆದಂತೆ ಊಹಿಸಿಕೊಳ್ಳುವ ಗೆರೆ) ದಾಟಿ ಹಿಂದಕ್ಕೆ ತಿರುಗಿದರೆ ನೇರವಾಗಿ ಮನೆಗೆ ಎಂದು ಬೆಳಿಗ್ಗೆಯೇ ಎಚ್ಚರಿಸಿದ್ದರು. ಆ ಭಯಕ್ಕೆ ಓಡಲೇ ಇಲ್ಲ, ನಡೆದೆ. ಕೊನೆಯಿಂದ ಎರಡನೆಯ ಸ್ಥಾನ.

ಹಾಗಾಗಿ ಹೊಸ ಶಾಟ್‌ಗನ್ ಸದ್ಯಕ್ಕೆ ಬೇಡ. ಎರಡು ಕ್ಯಾಡಿ, ಜೋತು ಬೀಳದ ಗಟ್ಟಿ ಬೆಲ್ಟ್ ಒಂದು, ಇಷ್ಟೇ ಖರೀದಿ. ರಾತ್ರಿ ಊಟವಾದ ಮೇಲೆ ಡಮ್ಮಿ (ಮದ್ದಿಲ್ಲದ) ತೋಟಾ ತುಂಬುವ ಅಭ್ಯಾಸ ನಡೆದಿದೆ. ಹೆಬ್ಬೆರಳಿನ ಚರ್ಮ ಆಗಲೇ ಕಿತ್ತಿದೆ.